ಭುಜ ಕುಗ್ಗಿಸಿದ ವೀರ

ಸಾಹಸಕಥೆಗಳ ವೀರರಲ್ಲಿ ಗವೇನನಷ್ಟು ಹತ್ತಿರದವನೆನಿಸುವವನು ನನಗೆ ಇನ್ನೊಬ್ಬನಿಲ್ಲ. ದೊರೆ ಆರ್ಥರನ ಸೋದರಳಿಯ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ತನ್ನ ಹೆಸರು ಹೇಳದ ಇಂಗ್ಲಿಷ್ ಕವಿಯೊಬ್ಬ ಅವನ ಬಾಳಿನ ಒಂದು ವರ್ಷವನ್ನು 2530 ಸಾಲುಗಳಲ್ಲಿ ಹಾಡಿದ. ಉಳಿದಿರುವುದು ಒಂದೇ ಹಸ್ತಪ್ರತಿ. 1731ರಲ್ಲಿ ಅದಿದ್ದ ಲಂಡನ್ನಿನ ಗ್ರಂಥಭಂಡಾರಕ್ಕೆ ಬೆಂಕಿ ಬಿತ್ತು. ಪ್ರತಿ ಹೇಗೋ ಪಾರಾಯಿತು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹೊಸವರ್ಷದ ಔತಣದ ಹೊತ್ತು. ಸಭೆಯೊಳಕ್ಕೆ ಕುದುರೆಯೇರಿಯೇ ಬಂದ ಒಬ್ಬ ಆಜಾನುಬಾಹು. ಮೈ, ಗಡ್ಡ, ಉಡುಪು, ಕುದುರೆ ಎಲ್ಲವೂ ಹಸಿರು. ತನ್ನ ಕೊಡಲಿಯಿಂದ ಯಾರಾದರೂ ತನಗೊಂದು ಏಟು ಹಾಕಬೇಕು, ವರ್ಷ ತುಂಬಿದ ಮೇಲೆ ಬಂದು ಅದನ್ನೇ ತನ್ನಿಂದ ಪಡೆಯಬೇಕು ಎಂಬುದು ಅವನ ಪಂಥ. ದೊರೆಯ ಬದಲು ಗವೇನ್ ಎದ್ದ. ಒಂದೇ ಏಟಿಗೆ ತಲೆ ಉರುಳಿತು. ಬಂದವನು ಬೀಳಲಿಲ್ಲ, ತಲೆಯನ್ನು ಕೂದಲು ಹಿಡಿದು ಎತ್ತಿಕೊಂಡ. ಆ ತಲೆಯೇ ಕಣ್ಣು ಬಿಟ್ಟು, ಬರುವ ಹೊಸವರ್ಷಕ್ಕೆ ಹಸಿರು ಗುಡಿಗೆ ಬಾ ಎಂದಿತು.

ಹೋಗದಿದ್ದರೆ ಯಾರೂ ಹುಡುಕಿಕೊಂಡು ಬರುತ್ತಿರಲಿಲ್ಲವೇನೋ. ಆದರೆ ಮಾತು ಕೊಟ್ಟಾಗಿತ್ತು. ಗವೇನ್ ಚಳಿಗಾಲದ ಬಾಯಲ್ಲಿ, ಗ್ರಿಂಗೊಲೆಟ್ ಎಂಬ ಕುದುರೆಯೊಂದಿಗೆ ಒಬ್ಬನೇ ಹೊರಟ. ಉತ್ತರ ವೇಲ್ಸ್ ಹಾದು ವಿರಲ್ ಕಾಡು ಹೊಕ್ಕ. ದಾರಿಯಲ್ಲಿ ಘಟಸರ್ಪಗಳು, ತೋಳಗಳು, ದೈತ್ಯರು. ಬೇರೆ ಕವಿಯಾಗಿದ್ದರೆ ಒಂದೊಂದು ಕಾಳಗಕ್ಕೂ ಒಂದೊಂದು ಸರ್ಗ ಮೀಸಲಿಡುತ್ತಿದ್ದ. ಇವನು ಅವನ್ನೆಲ್ಲ ನಾಲ್ಕು ಮಾತಿನಲ್ಲಿ ಮುಗಿಸಿ, ಅದಕ್ಕಿಂತ ಘೋರವಾದದ್ದು ಚಳಿ ಎನ್ನುತ್ತಾನೆ. ಮಳೆಹನಿ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಬೋಳು ಬಂಡೆಗಳ ನಡುವೆ ಗವೇನ್ ಕಬ್ಬಿಣದ ಕವಚ ತೊಟ್ಟೇ ಮಲಗುತ್ತಾನೆ. ನೆತ್ತಿಯ ಮೇಲೆ ತೊರೆಯ ನೀರು ಮಂಜಿನ ಈಟಿಗಳಾಗಿ ಇಳಿಬಿದ್ದಿರುತ್ತದೆ. ಕವಚದೊಳಗೂ ನಮ್ಮ ನಿಮ್ಮಂಥದೇ ಮೈಯೊಂದು ನಡುಗುತ್ತಿದೆ ಎಂದು ಇಷ್ಟು ಕರುಣೆಯಿಂದ ತೋರಿಸಿದ ವೀರಕಥೆಯನ್ನು ನಾನು ಬೇರೆ ಓದಿಲ್ಲ.

ನಡುವೆ ಒಂದು ಕೋಟೆಯಲ್ಲಿ ಬೆಚ್ಚಗಿನ ಬಿಡಾರ ಸಿಕ್ಕಿತು. ದಿನವಿಡೀ ಬೇಟೆಯಲ್ಲಿ ತನಗೆ ಸಿಕ್ಕಿದ್ದನ್ನು ಯಜಮಾನ ಕೊಡಬೇಕು, ಮನೆಯಲ್ಲಿ ತನಗೆ ಸಿಕ್ಕಿದ್ದನ್ನು ಗವೇನ್ ಕೊಡಬೇಕು ಎಂದು ಒಪ್ಪಂದ. ಯಜಮಾನನ ಮಡದಿ ಎಷ್ಟು ಒಲಿಸಿದರೂ ಗವೇನ್ ಜಾರಲಿಲ್ಲ. ಆದರೆ ಮೂರನೆಯ ದಿನ ಆಕೆ, ತೊಟ್ಟವರನ್ನು ಯಾರೂ ಕೊಲ್ಲಲಾಗದೆಂದು ಹಸಿರು ರೇಷ್ಮೆಯ ನಡುಪಟ್ಟಿಯೊಂದನ್ನು ನೀಡಿದಳು. ಅದನ್ನು ಮಾತ್ರ ಅವನು ಬಚ್ಚಿಟ್ಟುಕೊಂಡ.

ಹಸಿರು ಗುಡಿಯೆಂದರೆ ಹುಲ್ಲು ಮುಚ್ಚಿದ ಒಂದು ದಿಬ್ಬ. ಅಲ್ಲಿಗೆ ಬರುವಾಗಲೇ ಆಚೆ ಬೆಟ್ಟದಿಂದ ಕೊಡಲಿ ಮಸೆಯುವ ಸದ್ದು. ಗವೇನ್ ಕತ್ತು ಬಾಗಿಸಿದ. ಕೊಡಲಿ ಇಳಿಯುವುದನ್ನು ಓರೆಗಣ್ಣಿನಲ್ಲಿ ಕಂಡು ಭುಜ ತುಸುವೇ ಕುಗ್ಗಿಸಿದ. ಕಾವ್ಯದ ಜೀವ ನನಗೆ ಸಿಗುವುದು ಅಲ್ಲಿಯೇ. ಕಾಡು, ಹಿಮ, ಹಸಿವು ಎಲ್ಲ ದಾಟಿ ತಾನಾಗಿಯೇ ಬಂದವನ ಭುಜ ಅದು. ಎರಡು ಸಲ ಕತ್ತು ಮುಟ್ಟದೆ ತಡೆದ ಕೊಡಲಿ ಮೂರನೆಯ ಸಲ ಚರ್ಮವನ್ನಷ್ಟೇ ಸೀಳಿತು. ತನ್ನ ರಕ್ತ ಹಿಮದ ಮೇಲೆ ಚಿಮ್ಮಿದ್ದನ್ನು ಕಂಡು, ಬದುಕಿದೆನೆಂದು ಅವನು ಹಾರಿ ನಿಂತ. ಹುಟ್ಟಿದಂದಿನಿಂದ ಅಷ್ಟು ಸಂತೋಷಪಟ್ಟಿರಲಿಲ್ಲವಂತೆ.

ಹಸಿರು ವೀರ ಆ ಕೋಟೆಯ ಯಜಮಾನನೇ. ಗಾಯ ಬಚ್ಚಿಟ್ಟ ಪಟ್ಟಿಗೆ. ಆದರೆ ಆಸೆಬುರುಕತನದಿಂದಲ್ಲ, ಪ್ರಾಣದ ಮೇಲಿನ ಪ್ರೀತಿಯಿಂದ ಬಚ್ಚಿಟ್ಟೆ, ಹಾಗಾಗಿ ತಪ್ಪು ಚಿಕ್ಕದು ಎಂದ. ಗವೇನ್ ಒಪ್ಪಲಿಲ್ಲ. ಪಟ್ಟಿಯನ್ನು ಕಳಂಕದ ಗುರುತಾಗಿ ಅಡ್ಡಲಾಗಿ ತೊಟ್ಟು ಆರ್ಥರನ ಕ್ಯಾಮೆಲಾಟಿಗೆ ಮರಳಿ, ತುಂಬಿದ ಸಭೆಯಲ್ಲಿ ಎಲ್ಲವನ್ನೂ ಹೇಳಿಕೊಂಡ. ಸಭೆ ಗಟ್ಟಿಯಾಗಿ ನಕ್ಕಿತು. ಇನ್ನು ಮುಂದೆ ನಾವೆಲ್ಲರೂ ಇಂಥದೇ ಪಟ್ಟಿ ತೊಡೋಣ ಎಂದಿತು. ಅಕ್ಕರೆಯ ನಗುವೇ ಇರಬೇಕು. ಅದಕ್ಕೆ ಗವೇನ್ ಏನೆಂದನೆಂದು ಕವಿ ಹೇಳಿಲ್ಲ. ಹೇಳದ್ದೇ ಸರಿ, ಆ ದಿಬ್ಬದ ಬಳಿ ಕತ್ತು ಬಾಗಿಸಿದವನು ಅವನೊಬ್ಬನೇ.