ಮೂರು ಸೀಸೆಗಳು

ದಿವಾ ನಿಲ್ದಾಣವನ್ನು ಅರಿಯದವರು ನಮ್ಮ ಓದುಗರಲ್ಲಿ ವಿರಳ. ವಸಾಯಿಯ ಕಡೆಗೂ ಪನ್ವೇಲಿನ ಕಡೆಗೂ ರೈಲು ಹಾದಿಗಳು ಕವಲೊಡೆಯುವ ಆ ಜಂಕ್ಷನ್ನಿಗೆ ಸಮೀಪದಲ್ಲಿಯೇ ನಮ್ಮ ಚಾಳು. ಕೋಣೆ ಒಂದೇ, ಜೀವಗಳು ಐದು. ಕಳೆದ ಮಳೆಗಾಲದಲ್ಲಿ ನೀರು ಹೊಸ್ತಿಲನ್ನು ಮುಟ್ಟಿದಾಗ, ಅಜ್ಜಿಯವರು ಧಾರವಾಡದಿಂದ ತಂದಿದ್ದ ಟ್ರಂಕನ್ನು ಮಂಚದ ಮೇಲೇರಿಸಬೇಕಾಯಿತು. ಭಾರ ತಗ್ಗಿಸಲೆಂದು ತೆರೆದೆವು. ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಮೂರು ಪುಟ್ಟ ಸೀಸೆಗಳು ಕಂಡವು.

“ಭಂಗಾರದವಗ ಕೊಟ್ಟುಬಿಡ್ರಿ. ಇಡಾಕ ಜಾಗಾ ಎಲ್ಲೈತಿ?” ಎಂದರು ತಂದೆಯವರು.

ಅಜ್ಜಿಯವರು ಆಗ ಡೊಂಬಿವಲಿಯಲ್ಲಿ ಚಿಕ್ಕಪ್ಪನವರ ಮನೆಯಲ್ಲಿದ್ದರು. ಅಣ್ಣತಂಗಿಯರಾದ ನಾವು ಎಂಟು ದಿನಗಳ ಗಡುವು ಬೇಡಿದೆವು. ಇವು ಏತಕ್ಕಾಗಿ ಹುಟ್ಟಿದ ಸೀಸೆಗಳೆಂಬುದನ್ನು ನಾವೇ ಕಂಡುಹಿಡಿಯುವೆವೆಂಬ ಹುಮ್ಮಸ್ಸು ನಮ್ಮದು.

ಮೊದಲನೆಯದು ಸುಲಭವಾಗಿ ಸಿಕ್ಕಿಬಿದ್ದಿತು. ಗಿಡ್ಡ ದೇಹ, ಅಗಲ ಬುಡ, ಭುಜದ ಮೇಲೆ ಲೇಖಣಿ ಒರಗಿಸಲು ಒಂದು ತಗ್ಗು. ಕೈ ತಗಲಿದರೂ ಉರುಳದಂತೆ ಮಾಡಿದ ಮಸಿಯ ದೌತಿ ಅದು.

ಎರಡನೆಯದು ಆರು ಮೂಲೆಗಳ ಕಡುನೀಲಿ ಸೀಸೆ; ಮೈಮೇಲೆ ಉದ್ದುದ್ದ ಗೀರುಗಳು ಎದ್ದಿದ್ದವು. ಅತ್ತರಿನದೆಂದು ತಂಗಿ ವಾದಿಸಿದಳು. ಶಾಲೆಯ ವಿಜ್ಞಾನದ ಗುರುಗಳು ಅಚ್ಚಿನ ಗೆರೆಯನ್ನು ನೋಡಲು ಕಲಿಸಿದರು. ಆ ಗೆರೆ ಕೊರಳಿನಲ್ಲಿಯೇ ನಿಂತಿದ್ದರೆ, ಬಾಯಿಯನ್ನು ಕೈಯಿಂದ ತಿದ್ದಿದ ಹಳೆಯ ಸೀಸೆ. ತುಟಿಯ ಅಂಚಿನವರೆಗೆ ಏರಿದ್ದರೆ ಯಂತ್ರದ ಸೀಸೆ. ಅಮೇರಿಕದ ಮೈಕೇಲ್ ಓವೆನ್ಸ್ ಎಂಬಾತನು 1903ರ ಸುಮಾರಿಗೆ ಸೀಸೆಯನ್ನು ತಾನಾಗಿ ತಯಾರಿಸುವ ಯಂತ್ರವನ್ನು ಸಿದ್ಧಪಡಿಸಿದನಂತೆ. ನಮ್ಮ ಕಡೆಯೂ ಹಿಂದುಳಿಯಲಿಲ್ಲ: 1908ರಲ್ಲಿ ತಳೇಗಾಂವದಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ, 1916ರಲ್ಲಿ ಕರಾಡದ ಬಳಿ ಓಗಲೆಯವರ ಕಾರ್ಖಾನೆ ಆರಂಭವಾದವು. ನೀಲಿ ಸೀಸೆಯ ಗೆರೆ ಕೊರಳಿನಲ್ಲಿಯೇ ನಿಂತಿತ್ತು. ವಯಸ್ಸು ತಿಳಿಯಿತು, ಉಪಯೋಗ ತಿಳಿಯಲಿಲ್ಲ.

ಎಂಟನೆಯ ದಿನ ಅಜ್ಜಿಯವರು ಮರಳಿದರು. ತಾಯಿಯವರು ಅಷ್ಟರಲ್ಲಿ ನೀಲಿ ಸೀಸೆಯನ್ನು ತೊಳೆದು, ಜೇನುತುಪ್ಪ ತುಂಬಲು ಕುಳಿತಿದ್ದರು. ಕಣ್ಣು ಮಂಜಾದ ಅಜ್ಜಿಯವರು ಅದನ್ನು ಕೈಗೆ ತೆಗೆದುಕೊಂಡು ಬೆರಳಾಡಿಸಿದೊಡನೆ ಬೆಚ್ಚಿದರು. “ಅಯ್ಯ, ಇದರಾಗ ತಿನ್ನೂದು ಹಾಕಬ್ಯಾಡವಾ! ಇದು ವಿಷದ ಸೀಸೆ.”

ದೀಪವಿಲ್ಲದ ರಾತ್ರಿಯಲ್ಲಿ ಕುಡಿಯುವ ಔಷಧವೆಂದು ಯಾರೂ ತಪ್ಪಿ ಎತ್ತಿಕೊಳ್ಳಬಾರದೆಂದೇ ಆ ಗೀರುಗಳು. ನಾವು ಎಂಟು ದಿನ ಕಣ್ಣಿಟ್ಟು ನೋಡಿದ್ದೆವು. ಅದು ಬೆರಳಿಗಾಗಿ ಬರೆದ ಬರಹವಾಗಿತ್ತು.

ಮೂರನೆಯದು ಬಣ್ಣವಿಲ್ಲದ ಸಾಧಾರಣ ಸೀಸೆ. ಗೆರೆ ತುಟಿಯವರೆಗೂ ಇತ್ತು. ಆದ್ದರಿಂದ ನಾವು ಅದನ್ನು ಅಲಕ್ಷಿಸಿದ್ದೆವು. ಪಕ್ಕದಲ್ಲಿ, ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿಯೊಂದು ಕಂದಾಗಿ ಅಂಟಿಕೊಂಡಿತ್ತು. ದವಾಖಾನೆಯ ಕಂಪೌಂಡರು ಮಿಕ್ಶ್ಚರು ತುಂಬಿ ಅಂಟಿಸುತ್ತಿದ್ದ ಗುರುತಂತೆ ಅದು. ಒಂದೊಂದು ಹಲ್ಲಿಗೆ ಒಂದೊಂದು ಪಾಲು. ಒಟ್ಟು ಆರು ಹಲ್ಲುಗಳಿದ್ದವು.

“ನಾಕು ಕುಡಿದಿದ್ಳು. ಎರಡು ಉಳದವು” ಎಂದರು ಅಜ್ಜಿಯವರು.

ಯಾರೆಂದು ಕೇಳಿದೆವು. ತಂದೆಯವರು ಹುಟ್ಟುವ ಮೊದಲೇ ಐದು ವರ್ಷದವಳಾಗಿ ತೀರಿಕೊಂಡ ಮಗಳು; ನಮಗೆ ಸೋದರತ್ತೆ. ಆಕೆಯ ಭಾವಚಿತ್ರವಿಲ್ಲ. ಉಳಿದ ಔಷಧವನ್ನು ಅಜ್ಜಿಯವರು ಬಹುಕಾಲ ಚೆಲ್ಲಿರಲಿಲ್ಲವಂತೆ. ಅದು ತಾನಾಗಿ ಒಣಗಿತಂತೆ.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಭಂಗಾರದವನ ಮಾತನ್ನು ಆಡಿದ್ದ ತಂದೆಯವರೇ ಎದ್ದು, ಆ ಸೀಸೆಯನ್ನು ಧೋತರದ ತುಂಡಿನಲ್ಲಿ ಸುತ್ತಿ, ನೀರು ಎಂದೂ ಮುಟ್ಟಲಾರದ ಮೇಲಿನ ಹಲಗೆಯ ಮೇಲಿಟ್ಟರು.

ಗೆಳೆಯರೆ, ಹೆಸರು ಅಳಿಸಿದ ಹಳೆಯ ಸೀಸೆ ನಿಮ್ಮ ಮನೆಯಲ್ಲಿ ದೊರೆತರೆ ಮೂಸದಿರಿ, ಅದರಲ್ಲಿ ತಿನ್ನುವುದನ್ನು ತುಂಬದಿರಿ, ಎಸೆಯುವ ಆತುರವನ್ನೂ ಮಾಡದಿರಿ. ಗೆರೆ, ಬಣ್ಣ, ಬುಡಗಳನ್ನು ಅವಶ್ಯ ಪರೀಕ್ಷಿಸಿರಿ. ಆದರೆ ಮೊದಲು ಮನೆಯ ಹಿರಿಯರನ್ನು ಕೇಳಿರಿ. ನಾವು ಆ ಕೊನೆಯ ಕೆಲಸವನ್ನು ಮಾಡಿದುದರಿಂದಲೇ ನಮ್ಮ ಅತ್ತೆಯ ಹೆಸರನ್ನು ಅಂದು ಮೊದಲ ಬಾರಿಗೆ ಕೇಳಿದೆವು.