ದೊಡ್ಡಬಳ್ಳಾಪುರದಿಂದ ಎಸ್.ಪಿ. ರಸ್ತೆಗೆ

ದೊಡ್ಡಬಳ್ಳಾಪುರಕ್ಕೂ ಬೆಂಗಳೂರಿಗೂ ನಡುವೆ ಸುಮಾರು 40 ಕಿಲೋಮೀಟರ್. ರಾಜಾನುಕುಂಟೆ, ಯಲಹಂಕ, ಹೆಬ್ಬಾಳ ದಾಟಿ ಮೆಜೆಸ್ಟಿಕ್ ಸೇರುವಷ್ಟರಲ್ಲಿ ಅದು ಇಮ್ಮಡಿಯಾದಂತೆ ಅನಿಸುವುದೂ ಉಂಟು. ನಮ್ಮೂರಿನ ನೇಕಾರರು ಸೀರೆಯ ಗಂಟು ಹೊತ್ತು ಈ ದಾರಿ ಸವೆಸಿದವರು. ಮಗ್ಗದಿಂದ ಇಳಿದ ಸೀರೆ ಚಿಕ್ಕಪೇಟೆ ಸೇರಬೇಕು, ಅಲ್ಲಿಂದ ದುಡ್ಡು ಬರಬೇಕು, ಆ ದುಡ್ಡಿನಲ್ಲಿ ಮತ್ತೆ ನೂಲು ತರಬೇಕು. ನನ್ನ ಅಣ್ಣನಿಗೆ ಇದು ಮೂವತ್ತು ವರ್ಷಗಳ ರೂಢಿ.

2025ರ ಡಿಸೆಂಬರಿನ ಒಂದು ಶನಿವಾರ ಮಾತ್ರ ಅವನ ಹೆಗಲ ಮೇಲೆ ಗಂಟಿರಲಿಲ್ಲ. ಜೊತೆಗೆ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದ ಮಗನಿದ್ದ. ಮಗನ ಕೈಯಲ್ಲಿ ಒಂದು ಚೀಟಿ. ಬಿಡಿಭಾಗಗಳನ್ನು ತಂದು ಜೋಡಿಸಿದ ಕಂಪ್ಯೂಟರ್ ಬೇಕು, ಅದರಲ್ಲಿ ಪಾಠವೂ ಆಗಬೇಕು, ಆಟವೂ ಆಗಬೇಕು ಎಂಬುದು ಅವನ ಬೇಡಿಕೆ. ಅಣ್ಣನ ಜೇಬಿನಲ್ಲಿದ್ದ ದುಡ್ಡು ಎರಡನೆಯ ಮಗ್ಗದ ಮೋಟಾರಿಗೆಂದು ಎತ್ತಿಟ್ಟದ್ದು. ಅದು ಹುಡುಗನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. "ನಿನಗೆ ಇದೆಲ್ಲ ಸ್ವಲ್ಪ ತಿಳಿಯುತ್ತೆ, ನೀನೂ ಬಾ" ಎಂದು ಅಣ್ಣ ನನ್ನನ್ನೂ ಹೊರಡಿಸಿದ್ದ.

ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಮೆಟ್ರೊ ಹತ್ತಿದರೆ ಚಿಕ್ಕಪೇಟೆ ಒಂದೇ ನಿಲ್ದಾಣ, ಅದರಾಚೆಯದು ಕೆ.ಆರ್. ಮಾರುಕಟ್ಟೆ. ಅಲ್ಲಿಂದ ಕಾಲ್ನಡಿಗೆ. ಬೆಂಗಳೂರಿನ ಹಳೆಯ ಪೇಟೆಯ ಸೊಗಸೇ ಇದು: ಒಂದೊಂದು ಕಸುಬಿಗೆ ಒಂದೊಂದು ಬೀದಿ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಆ ಸಾಲಿಗೆ ತಡವಾಗಿ ಬಂದು ಸೇರಿದ್ದು ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಹೆಸರು ಬದಲಾಗದಿದ್ದರೂ ಇದು ಕಂಪ್ಯೂಟರ್ ಪೇಟೆಯೇ. ಇಕ್ಕಟ್ಟಾದ ರಸ್ತೆ, ಕೈಗಾಡಿ, ರಟ್ಟಿನ ಡಬ್ಬಗಳ ರಾಶಿ, ಮೆಟ್ಟಿಲ ಕೆಳಗೂ ಒಂದು ಅಂಗಡಿ. ಸೀರೆ ಅಂಗಡಿಗಳಿಂದ ಇಷ್ಟು ಹತ್ತಿರವಿದ್ದರೂ ಅಣ್ಣ ಈ ಬೀದಿಗೆ ಕಾಲಿಟ್ಟಿದ್ದು ಅದೇ ಮೊದಲು.

ಮಹಡಿಯ ಮೇಲಿನ ಒಂದು ಪುಟ್ಟ ಅಂಗಡಿಯಲ್ಲಿ ಕುಳಿತೆವು. ಹುಡುಗ ಚೀಟಿ ಬಿಚ್ಚಿದ. 7200 ವೇಗದ, ಬಣ್ಣದ ದೀಪ ಮಿನುಗುವ 16 ಜಿಬಿ ಮೆಮೊರಿ, ಒಂದೇ ಕಡ್ಡಿ. ಅದರ ಬೆಲೆ ಸರಿದೂಗಿಸಲು ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಕೆಳಗಿಳಿಸಿದ್ದ. ಆ ದಿನಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನೆಲ್ಲ ಸೆಳೆದುಕೊಳ್ಳುತ್ತಿದ್ದವು, ಬೆಲೆ ಗಗನಕ್ಕೇರಿತ್ತು. ಅಂಗಡಿಯವರು ಹೇಳಿದ ಮೊತ್ತ ಕೇಳಿ ಅಣ್ಣ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಒಂದೇ ಪ್ರಶ್ನೆ ಕೇಳಿದ:

"ಇದರೊಳಗೆ ಯಾವುದು ಯಾವುದಕ್ಕೆ ಕಾಯುತ್ತೆ?"

ಜೋಡಿಸುವ ಯುವಕ ತಲೆಯೆತ್ತಿ ನೋಡಿದ. "ಯಜಮಾನ್ರೇ, ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು" ಎಂದ.

ಅಣ್ಣ ಕೇಳಿದ್ದು ಮಗ್ಗದ ಲೆಕ್ಕ. ಲಾಳಿ ಓಡಬೇಕಾದರೆ ಕಂಡಿಕೆ ಸುತ್ತಿಟ್ಟಿರಬೇಕು. ಕಂಡಿಕೆ ಮುಗಿದರೆ ಮಗ್ಗ ನಿಲ್ಲುತ್ತದೆ. ಆಗ ಬೇಗ ಸುತ್ತುವ ಕೈ ಬೇಕು. ಆದರೆ ಕಂಡಿಕೆಯ ರಾಶಿಯೇ ಬಿದ್ದಿರುವಾಗ ಇನ್ನಷ್ಟು ಬೇಗ ಸುತ್ತಿದರೆ ಒಂದಂಗುಲ ಸೀರೆಯೂ ಹೆಚ್ಚು ಇಳಿಯದು. ಕಂಪ್ಯೂಟರ್ ಆಟದಲ್ಲಿ ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡು. ಏನು ಬಿಡಿಸಬೇಕೆಂದು ಸಿದ್ಧಮಾಡಿ ಕೊಡುವುದು ಪ್ರೊಸೆಸರು. ಆ ಪ್ರೊಸೆಸರಿಗೆ ಸರಕು ಒದಗಿಸುವುದು ಮೆಮೊರಿ. ಚಿತ್ರ ಬಿಡಿಸುವ ಕಾರ್ಡೇ ಏದುಸಿರು ಬಿಡುತ್ತಿದ್ದರೆ ಮೆಮೊರಿಯ ವೇಗ ಹೆಚ್ಚಿಸಿ ಪ್ರಯೋಜನ ಅತ್ಯಲ್ಪ.

ಇದನ್ನು ಪರೀಕ್ಷಿಸುವ ಬಗೆಯನ್ನೂ ಯುವಕ ಅಲ್ಲಿದ್ದ ಯಂತ್ರದಲ್ಲೇ ತೋರಿಸಿದ. ಆಟ ನಡೆಯುತ್ತಿರುವಾಗ ಚಿತ್ರದ ರೆಸಲ್ಯೂಶನ್ ತಗ್ಗಿಸುವುದು. ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಏರಿದರೆ ಅದುವರೆಗೆ ತಡಮಾಡುತ್ತಿದ್ದುದು ಕಾರ್ಡು. ಏರದೆ ಅಲ್ಲೇ ನಿಂತರೆ ತಡ ಪ್ರೊಸೆಸರು, ಮೆಮೊರಿಗಳ ಕಡೆಯದು. ಅಲ್ಲಿ ಸಂಖ್ಯೆ ಏರಿತು. ಹುಡುಗನ ಮುಖ ಇಳಿಯಿತು.

ಹಾಗಾದರೆ ವೇಗದ ಮೆಮೊರಿ ವ್ಯರ್ಥವೇ? ಅಲ್ಲ. ಪ್ರತ್ಯೇಕ ಕಾರ್ಡಿಲ್ಲದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನೆಚ್ಚಿದ ಯಂತ್ರದಲ್ಲಿ ಚಿತ್ರ ಬಿಡಿಸುವುದಕ್ಕೂ ಇದೇ ಮೆಮೊರಿ ಬೇಕು. ಅಲ್ಲಿ ವೇಗದ ಲಾಭ ಕಣ್ಣಿಗೆ ಕಾಣುತ್ತದೆ. ಚಿತ್ರದ ಗುಣಮಟ್ಟ ಇಳಿಸಿ ಸೆಕೆಂಡಿಗೆ ನೂರಾರು ಚಿತ್ರ ಬೇಕೆನ್ನುವ ಪಂದ್ಯದ ಆಟಗಾರರಿಗೂ ಅದು ಸಲ್ಲುತ್ತದೆ. ಆದರೆ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸುವ ಸಾಮಾನ್ಯ ಮಾನಿಟರಿನ ಮುಂದೆ ಕುಳಿತವರಿಗೆ ಅದಕ್ಕೂ ಮೇಲಿನದೆಲ್ಲ ಬಹುಪಾಲು ಲೆಕ್ಕದ ಸಂತೋಷ.

ವೇಗಕ್ಕಿಂತ ಮೊದಲು ನೋಡಬೇಕಾದ ಸಂಗತಿಗಳಿವೆ. ಮೊದಲನೆಯದು ಅಳತೆ. ಮೆಮೊರಿ ಸಾಲದೆ ಹೋದರೆ ಯಂತ್ರ ಡಿಸ್ಕಿನ ಕಡೆಗೆ ಓಡುತ್ತದೆ, ಆಟ ಮುಗ್ಗರಿಸುತ್ತದೆ. ಎರಡನೆಯದು ಜೋಡಿ. 7200 ಎಂದರೆ ಸೆಕೆಂಡಿಗೆ 720 ಕೋಟಿ ಸಲ, ಪ್ರತಿ ಸಲಕ್ಕೆ 8 ಬೈಟ್. ಒಂದು ಕಡ್ಡಿಗೆ ಹೆಚ್ಚೆಂದರೆ 57.6 ಜಿಬಿ. 5600ರ ಎರಡು ಕಡ್ಡಿಗಳನ್ನು ಸರಿಯಾದ ಜಾಗಗಳಲ್ಲಿ ಕೂರಿಸಿದರೆ 89.6 ಜಿಬಿ. ಓಟಗಾರ ಒಬ್ಬನಿಗಿಂತ ಸಾಧಾರಣ ನಡಿಗೆಯ ಇಬ್ಬರು ಹೆಚ್ಚು ಹೊರುತ್ತಾರೆ. ಮೂರನೆಯದು ಕಾಯುವ ಹೊತ್ತು. ಡಬ್ಬದ ಮೇಲೆ ಸಿಎಲ್ ಎಂದು ಬರೆದಿರುತ್ತದೆ. 7200 ವೇಗ, ಸಿಎಲ್ 36 ಇರುವ ಮೆಮೊರಿಯೂ 6000 ವೇಗ, ಸಿಎಲ್ 30 ಇರುವ ಮೆಮೊರಿಯೂ ಕೇಳಿದ ಸರಕನ್ನು ಕೊಡಲು ತೊಡಗುವ ಮುನ್ನ ಕಾಯಿಸುವುದು ಒಂದೇ ಹೊತ್ತು, 10 ನ್ಯಾನೊಸೆಕೆಂಡ್.

ನಾಲ್ಕನೆಯದನ್ನು ನನ್ನ ಪೆದ್ದುತನದಿಂದಲೇ ಹೇಳಬೇಕು. 2019ರಲ್ಲಿ ನಾನು 3200 ವೇಗದ ಮೆಮೊರಿ ತಂದು ನಾನೇ ಜೋಡಿಸಿದ್ದೆ. ಅದು ಎರಡು ವರ್ಷ 2133ರಲ್ಲೇ ಓಡುತ್ತಿತ್ತು. ಡಬ್ಬದ ಮೇಲಿನ ವೇಗ ತಾನಾಗಿ ಬಾರದು. ಬಯೋಸ್ ಎಂಬ ಮೊದಲ ಪರದೆಯಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ಆಯ್ಕೆಯನ್ನು ತೆರೆಯಬೇಕು. ಕೊನೆಗೆ ತೆರೆದೆ. ನಾನಾಡುವ ಆಟಗಳಲ್ಲಿ ವ್ಯತ್ಯಾಸವನ್ನು ಹುಡುಕಬೇಕಾಯಿತು. ನನ್ನ ಕಾರ್ಡು ಅಷ್ಟು ಚಿಕ್ಕದಿತ್ತು.

ಚೀಟಿ ತಿದ್ದಿದೆವು. 5600ರ 8 ಜಿಬಿ ಕಡ್ಡಿಗಳು ಎರಡು, ದೀಪವಿಲ್ಲದವು. ಉಳಿದದ್ದರಲ್ಲಿ ಕಾರ್ಡು ಒಂದು ಮೆಟ್ಟಿಲು ಮೇಲೇರಿತು. "ದೀಪ ಇದ್ದರೆ ಚೆನ್ನಾಗಿರುತ್ತಿತ್ತು ಚಿಕ್ಕಪ್ಪ" ಎಂದು ಹುಡುಗ ನನ್ನ ಕಿವಿಯಲ್ಲಿ ಗೊಣಗಿದ. ಮಕ್ಕಳಿಗೆ ಕಂಪ್ಯೂಟರ್ ಕೊಡಿಸುವ ತಂದೆತಾಯಿಗಳು ಅಂಕಿಗಳಿಗೆ ಹೆದರಬೇಕಿಲ್ಲ; ಯಾವುದು ಯಾವುದಕ್ಕೆ ಕಾಯುತ್ತದೆ ಎಂದು ಕೇಳಿದರೆ ಸಾಕು. ಮಕ್ಕಳಿಗೆ ಉತ್ತರ ಗೊತ್ತಿಲ್ಲದಿದ್ದರೆ ಆ ಚೀಟಿ ಇನ್ನೂ ಸಿದ್ಧವಾಗಿಲ್ಲ ಎಂದೇ ಅರ್ಥ.

ವಾಪಸು ಬಸ್ಸಿನಲ್ಲಿ ಡಬ್ಬಗಳು ನಮ್ಮ ಮೂವರ ತೊಡೆಯ ಮೇಲಿದ್ದವು. ಯಲಹಂಕ ದಾಟಿದ ಮೇಲೆ ಹುಡುಗ, "ಅಪ್ಪಾ, ಎರಡನೇ ಮಗ್ಗ ಯಾಕೆ ನಿಂತಿದೆ?" ಎಂದು ಕೇಳಿದ. ಅಣ್ಣ ಕಿಟಕಿಯ ಕಡೆ ನೋಡುತ್ತ, "ಮೋಟಾರಿಗೆ ಕಾಯ್ತಾ ಇದೆ" ಎಂದ.

ರಾಜಾನುಕುಂಟೆಯವರೆಗೂ ಹುಡುಗ ಮತ್ತೆ ಮಾತಾಡಲಿಲ್ಲ.