ಜಾರಿದ ಕುಣಿಕೆ

ಕಣ್ಣು ಮಂಜಾಗಿ ಅವ್ವ ಅರ್ಧಕ್ಕೆ ಬಿಟ್ಟ ಸ್ವೆಟರು ಧಾರವಾಡದಿಂದ ಯೆರವಡಾಕ್ಕೆ, ನನ್ನ ಪಾಲಿಗೆ ಬಂತು. ಎರಡು ಸೀದಾ, ಎರಡು ಉಲ್ಟಾ ಹೆಣಿಗೆ. ಅಂಚಿನಿಂದ ನಾಲ್ಕು ಬೆರಳು ಮೇಲೆ ಒಂದು ಕುಣಿಕೆ ಜಾರಿ ಪಟ್ಟಿಯೆಲ್ಲ ಪಕ್ಕಕ್ಕೆ ಸರಿದಿತ್ತು. ಕಚೇರಿಯಲ್ಲಿ ಒಂದು ರೂಪಾಯಿ ತಪ್ಪಿದರೂ ಲೆಡ್ಜರ್ ತಿರುವಿ ಹಾಕುವ ನಾನು ಸುಮ್ಮನಿದ್ದೇನೆಯೇ? ಅಲ್ಲಿಯವರೆಗೂ ಬಿಚ್ಚಿಬಿಟ್ಟೆ.

ನಮ್ಮ ಮನೆಯ ಹತ್ತಿರದ ಜೈಲಿನಲ್ಲೇ 1930ರಲ್ಲಿ ಗಾಂಧೀಜಿ ನೂತರು. ಪೆಟ್ಟಿಗೆ ಚರಕಕ್ಕೆ ಯೆರವಡಾ ಎಂದೇ ಹೆಸರು. ನೂಲು ಕಡಿದರೆ ಹಂಜಿ ಹಚ್ಚಿ ಮುಂದುವರಿಯಬಹುದು. ಬಿಚ್ಚಿದ ಉಣ್ಣೆಯ ಸುಕ್ಕು ಮಾತ್ರ ತೊಳೆದು, ಭಾರ ಕಟ್ಟಿ ಒಣಗಿಸಿದರೇ ಹೋಗುವುದು. ಅದು ಒಣಗುವ ಮೊದಲೇ ಅವ್ವ ಹೋದಳು.

ಸ್ವೆಟರು ಈಗ ಸರಿಯಾಗಿದೆ. ಅವಳ ಕೈಯದೆಂದು ಉಳಿದದ್ದು ಕೆಳಗಿನ ನಾಲ್ಕು ಬೆರಳು ಮಾತ್ರ. ಮಗ ತೊಟ್ಟಾಗ ಅದನ್ನೇ ಸವರುತ್ತೇನೆ.